ಮರೆಯೊಳಗಿನ ಕಣ್ಣು

ನಮ್ಮ ಹೋಬಳಿಯ ಒಂದು ಕೆರೆ. ಹೋದ ಮಳೆಗಾಲ, ಬೆಳಗಿನ ಜಾವ. ದಂಡೆಯ ಜೊಂಡಿನ ಮಗ್ಗುಲಲ್ಲಿ ಹಸಿರು ಬಟ್ಟೆ ಹೊದಿಸಿದ ಒಂದು ಗೂಡು. ಅದರೊಳಗೆ ನಾವು ಕೂತಿದ್ದೆವು. ನಾವು ಅಂದರೆ ಸರ್ಕಾರಿ ಶಾಲೆಯ ಇಬ್ಬರು ಮೇಷ್ಟ್ರುಗಳು, ಕೇರಿಯಿಂದಲೇ ಓದಿ ಬಂದವರು. ಜೊತೆಗೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ಗೆಳೆಯರು, ಅವರ ಕ್ಯಾಮೆರಾ, ಅದರ ಮುಂದೆ ಮೊಳದುದ್ದದ ಲೆನ್ಸು. ಇಂಥ ಗೂಡಿಗೆ ಹಕ್ಕಿ ಫೋಟೋ ತೆಗೆಯುವವರು ‘ಹೈಡ್’ ಅನ್ನುತ್ತಾರೆ. ನಮ್ಮ ಮಾತಲ್ಲಿ ಮರೆ ಅಂದರೆ ಸಾಕು.

ಎದುರಿಗೆ, ತೇಲುವ ಎಲೆಗಳ ಮೇಲೆ, ಉದ್ದಬಾಲದ ದೇವನಕ್ಕಿಯ ಗಂಡು ಕಾವಿಗೆ ಕೂತಿತ್ತು. ಈ ಹಕ್ಕಿಯಲ್ಲಿ ಕಾವು ಕೂರುವುದು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಮನುಸ್ಮೃತಿ ಓದದ ಹಕ್ಕಿ ಅಂತ ನಮ್ಮಲ್ಲೊಬ್ಬರು ಪಿಸುಗುಟ್ಟಿ ಗೆಳೆಯರಿಂದ ಬೈಸಿಕೊಂಡರು. ಮರೆಯಲ್ಲಿ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಬೀಡಿ ಹಚ್ಚುವಂತಿಲ್ಲ.

ಆರೂವರೆ ಹೊತ್ತಿಗೆ ಒಬ್ಬ ಹೆಂಗಸು ಕುಡುಗೋಲು ಹಿಡಿದು ಬಂದರು. ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ಜೊಂಡು ಕುಯ್ಯತೊಡಗಿದರು. ಹಕ್ಕಿ ಒಂದು ಸಲ ಕತ್ತೆತ್ತಿ ನೋಡಿತು, ಮತ್ತೆ ಕೂತಿತು. ಜೊಂಡು ಕುಯ್ಯುವ ಸದ್ದು ಅದಕ್ಕೆ ಹೊಸದಲ್ಲ. ಆದರೆ ಆಕೆ ಕುಯ್ಯುತ್ತ ಕುಯ್ಯುತ್ತ ಲೆನ್ಸಿನ ಎಡಗಡೆಯ ಅಂಚಿಗೆ ಬಂದುಬಿಟ್ಟರು. ಗೆಳೆಯರು ತಡೆಯಲಾರದೆ ಬಟ್ಟೆಯ ಒಳಗಿನಿಂದಲೇ ಕೂಗಿದರು: ‘ಏಯ್, ಯಾರಮ್ಮ ಅದು? ಆ ಕಡೆ ಹೋಗು, ಹಕ್ಕಿ ಎದ್ದೋಗುತ್ತೆ!’

ಹಕ್ಕಿ ಎದ್ದೇಹೋಯಿತು. ಆ ಕೂಗಿಗೇ ಹೋಯಿತು.

ಆಕೆ ಬೆಚ್ಚಿಬಿದ್ದು ಸುತ್ತ ನೋಡಿದರು. ಪೊದೆಯಂಥದ್ದೇನೋ ಮಾತಾಡಿತ್ತು. ಯಾರು, ಎಲ್ಲಿಂದ, ಯಾವ ಅಧಿಕಾರದ ಮೇಲೆ, ಒಂದೂ ತಿಳಿಯದೆ, ‘ಹೋಯ್ತೀನಿ ಸ್ವಾಮಿ, ಹೋಯ್ತೀನಿ’ ಅಂತ ಪೊದೆಗೇ ಕೈಮುಗಿದು, ಕುಯ್ದ ಜೊಂಡಿನಲ್ಲಿ ಅರ್ಧ ಅಲ್ಲೇ ಬಿಟ್ಟು ಹೊರಟುಹೋದರು. ಆಕೆ ನಮ್ಮಲ್ಲೊಬ್ಬರ ಶಾಲೆಯ ಐದನೇ ಕ್ಲಾಸಿನ ಹುಡುಗನ ತಾಯಿ. ನಮಗೆ ಗೊತ್ತಿತ್ತು. ‘ಅಕ್ಕ, ನಾವು ಕಣಕ್ಕ ಇಲ್ಲಿರೋದು, ನೀವು ಕುಯ್ಕೊಳ್ಳಿ’ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮಾತಾಡಿದರೆ ಹಕ್ಕಿ ಹಾರೀತು ಅಂತ ಸುಮ್ಮನಿದ್ದೆವು ಅನ್ನುವ ಹಾಗೂ ಇಲ್ಲ. ಹಕ್ಕಿ ಆಗಲೇ ಹೋಗಿತ್ತು. ನಾವು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ಆ ಕೂಗಿನ ಮಗ್ಗುಲಲ್ಲಿ ನಾವೂ ಕೂತಿದ್ದೇವೆ ಅಂತ ಆಕೆಗೆ ತಿಳಿಯುವುದು ನಮಗೆ ಬೇಡವಾಗಿತ್ತು. ಹಕ್ಕಿಗೆಂದು ಕಟ್ಟಿದ ಮರೆ ಆ ಗಳಿಗೆಯಲ್ಲಿ ನಮಗೆ ಒದಗಿಬಂತು. ಗೆಳೆಯರೆ, ಈ ಬರಹ ಹಕ್ಕಿಯ ಬಗ್ಗೆ ಎಷ್ಟೋ ಅಷ್ಟೇ ಆ ಮರೆಯ ಬಗ್ಗೆ. ಕಾಣಿಸಿಕೊಳ್ಳದೆ ನೋಡುವುದು ತಪ್ಪೇ? ತಪ್ಪಾದರೆ ಯಾರ ವಿಷಯದಲ್ಲಿ ತಪ್ಪು?

ಮರೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ತಂದ ದಿನವೇ ಹಕ್ಕಿಯ ಮುಂದೆ ನೆಟ್ಟು ಕೂತರೆ ಆಗುವುದಿಲ್ಲ. ಮೊದಲು ದೂರದಲ್ಲಿ ನಿಲ್ಲಿಸಬೇಕು. ಹಕ್ಕಿಗೆ ಅದು ರೂಢಿಯಾದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸಬೇಕು. ಒಳಗೆ ಹೋಗುವಾಗ ಇಬ್ಬರು ಹೋಗಬೇಕು. ಒಬ್ಬ ಒಳಗುಳಿದು ಇನ್ನೊಬ್ಬ ಎಲ್ಲರಿಗೂ ಕಾಣುವ ಹಾಗೆ ಹೊರಗೆ ಬಂದು ನಡೆದುಹೋಗಬೇಕು. ಹಕ್ಕಿಗೆ ಲೆಕ್ಕ ಬರುವುದಿಲ್ಲ; ಬಂದವನು ಹೋದ ಅಂದುಕೊಂಡು ಗೂಡಿಗೆ ಮರಳುತ್ತದೆ. ಹೀಗೆ ಹೊರಗೆ ಬಂದು ನಡೆದುಹೋಗುವ ಕೆಲಸಕ್ಕೆ ಕೂಲಿ ಕೊಟ್ಟು ಊರಿನ ಹುಡುಗರನ್ನು ಕರೆದುಕೊಳ್ಳುವುದುಂಟು. ಸಾಮಾನು ಹೊರುವವನೂ ಅವನೇ. ಫೋಟೋದ ಕೆಳಗೆ ಅವನ ಹೆಸರು ಬರುವುದಿಲ್ಲ. ಅವನ ಕೆಲಸವೇ ಕಾಣಿಸಿಕೊಂಡು ಇಲ್ಲವಾಗುವುದು.

ಇನ್ನು ಲೆನ್ಸು. 600 ಮಿಲಿಮೀಟರಿನ ಒಳ್ಳೆಯ ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ನಮ್ಮ ಗೆಳೆಯರ ಹೆಗಲ ಮೇಲಿದ್ದದ್ದು ನಮ್ಮ ಕೇರಿಯ ನಾಲ್ಕು ಮನೆಗಳ ಬೆಲೆ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಅಷ್ಟು ಬೆಲೆಯ ಸಾಮಾನು ಹೆಗಲ ಮೇಲಿದ್ದರೆ ಕೆರೆಯೇ ತನ್ನದು ಅನ್ನಿಸುವುದಕ್ಕೆ ಹೊತ್ತು ಹಿಡಿಯುವುದಿಲ್ಲ ಅಂತ ಹೇಳುತ್ತಿದ್ದೇವೆ.

ಮಾತಿನಲ್ಲೂ ಇದು ಗೊತ್ತಾಗುತ್ತದೆ. ಕನ್ನಡದಲ್ಲಿ ನಾವು ಫೋಟೋ ‘ಹೊಡೆಯುತ್ತೇವೆ’. ಹಕ್ಕಿಯನ್ನೂ ‘ಹೊಡೆಯುತ್ತೇವೆ’. ಮರೆಯಿಂದ ಹೊರಗೆ ಬಂದವರನ್ನು ಕೇಳುವ ಮಾತು: ‘ಸಿಕ್ತಾ?’ ಬೇಟೆಯಿಂದ ಬಂದವನನ್ನು ನಮ್ಮ ತಾತಂದಿರು ಕೇಳುತ್ತಿದ್ದದ್ದೂ ಅದೇ. ಕೋವಿ ಹೋಗಿ ಕ್ಯಾಮೆರಾ ಬಂತು. ಒಳ್ಳೆಯದೇ ಆಯಿತು, ಹಕ್ಕಿ ಬದುಕಿತು. ಆದರೆ ಕೋವಿಯ ಜೊತೆ ಇದ್ದ ಒಡೆತನದ ಭಂಗಿ ಹೋಯಿತೇ?

ನಾವು ಕಪಟಿಗಳಾಗಬಾರದು. ಮರೆಯಲ್ಲಿ ಕೂತ ಆ ಎರಡು ಗಂಟೆ ನಮಗೆ ಸಿಕ್ಕ ಸುಖ ಸಣ್ಣದಲ್ಲ. ಗುಳುಮುಳುಕ ಮುಳುಗಿ ಎಲ್ಲಿ ಏಳುತ್ತದೆ ಅಂತ ಪಂದ್ಯ ಕಟ್ಟುವ ಹಾಗೆ ಕಾದೆವು. ಹಾವಕ್ಕಿ ಮೋಟುಮರದ ಮೇಲೆ ರೆಕ್ಕೆ ಹರಡಿ ಬಟ್ಟೆ ಒಣಗಿಸುವ ಅಗಸನ ಹಾಗೆ ನಿಂತಿತ್ತು. ಹುಟ್ಟಿದಾಗಿನಿಂದ ನೋಡಿದ ಕೆರೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಡೆ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಬಿದ್ದು ಫೋಟೋ ತೆಗೆದರು, ಕನ್ನಡದಲ್ಲಿ ಹಕ್ಕಿಗಳ ಪುಸ್ತಕ ಬರೆದರು. ನಮ್ಮಂಥ ಹಳ್ಳಿ ಮೇಷ್ಟ್ರುಗಳು ಮಕ್ಕಳಿಗೆ ಹೇಳುವ ಎಷ್ಟೋ ಹಕ್ಕಿ ಹೆಸರು ಆ ಪುಸ್ತಕದಿಂದ ಬಂದದ್ದು. ನೋಡುವ ಸುಖ ಹೊಟ್ಟೆ ತುಂಬಿದವರದು ಮಾತ್ರ, ನಮಗೆ ಬೇಡ ಅಂತ ಯಾರಾದರೂ ಸಂಗಾತಿ ಹೇಳಿದರೆ ನಾವು ಒಪ್ಪುವುದಿಲ್ಲ. ಹಸಿದವನಿಗೆ ಕಣ್ಣಿಲ್ಲವೇ?

ಈ ಮರೆಗೆ ಒಂದು ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರಿ ಕರ್ಟನ್ ಅಂತ ಅಣ್ಣತಮ್ಮಂದಿರಿದ್ದರು. 1892ರಲ್ಲಿ ಒಂದು ಹಕ್ಕಿಗೂಡಿನ ಫೋಟೋ ತೆಗೆಯುವುದರೊಂದಿಗೆ ಶುರುಮಾಡಿ, 1895ರಲ್ಲಿ ಗೂಡುಗಳ ಫೋಟೋಗಳಿಂದಲೇ ಒಂದು ಪುಸ್ತಕ ತಂದರು. ಹಕ್ಕಿಯ ಹತ್ತಿರ ಹೋಗಲು ಅವರು ಮಾಡದ ಉಪಾಯವಿಲ್ಲ. ಅದರಲ್ಲಿ ಹೆಸರಾದದ್ದು ಟೊಳ್ಳು ಎತ್ತು. ಸತ್ತ ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನಿಂತು, ಬಯಲಿನಲ್ಲಿ ಹಕ್ಕಿ ಬರುವುದನ್ನು ಕಾಯುತ್ತಿದ್ದರು. ಒಮ್ಮೆ ಒಳಗಿದ್ದ ರಿಚರ್ಡ್ ಬವಳಿ ಬಂದು ಎತ್ತಿನ ಸಮೇತ ಉರುಳಿದರಂತೆ, ಎತ್ತಿನ ನಾಲ್ಕೂ ಕಾಲು ಆಕಾಶಕ್ಕೆ.

ಇದನ್ನು ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಮಗೂ ನಗು ಬರುತ್ತದೆ, ಆಮೇಲೆ ಇನ್ನೇನೋ ನೆನಪಾಗುತ್ತದೆ. ಸತ್ತ ಎತ್ತಿನ ಚರ್ಮ ಸುಲಿದವರನ್ನು ಊರಾಚೆ ಇಟ್ಟ ದೇಶ ನಮ್ಮದು. ಅದೇ ಚರ್ಮದೊಳಗೆ ಹೊಕ್ಕು ನಿಂತ ಬಿಳಿಯ ಗೃಹಸ್ಥರು ಹೊಸ ಕಲೆಯೊಂದರ ಹಿರಿಯರಾದರು. ಅದು ಹಾಗಿರಲಿ. ಅಣ್ಣತಮ್ಮಂದಿರು ಎತ್ತನ್ನೇ ಯಾಕೆ ಆರಿಸಿದರು? ಯಾಕೆಂದರೆ ಹಕ್ಕಿ ಎತ್ತಿಗೆ ಹೆದರುವುದಿಲ್ಲ. ಎತ್ತು, ಎಮ್ಮೆ ಮೇಯುವಾಗ ಏಳುವ ಹುಳು ಮಿಡತೆಗೆಂದು ಗೋವಕ್ಕಿ ಅದರ ಕಾಲಡಿಯಲ್ಲೇ ಓಡಾಡುತ್ತದೆ, ಬೆನ್ನ ಮೇಲೆ ಕೂರುತ್ತದೆ. ಎಮ್ಮೆಯ ಜೊತೆ ದಿನವೂ ನೀರಿಗಿಳಿಯುವ ಹುಡುಗನಿಗೂ ಆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ. ದನ ಕಾಯುವ ಹುಡುಗನಿಗೆ ಬಿಟ್ಟಿಯಾಗಿ ಸಿಕ್ಕಿದ ನಂಬಿಕೆಯನ್ನು ಪಡೆಯಲು ಕ್ಯಾಮೆರಾದವರು ಸತ್ತ ಎತ್ತಿನೊಳಗೆ ಹೊಗಬೇಕಾಯಿತು.

ಉಪಾಯವೂ ಹೊಸದಲ್ಲ. ಪಾರ್ಧಿಗಳು ಪಳಗಿಸಿದ ಹಸುವನ್ನೋ ಎತ್ತನ್ನೋ ಮುಂದೆ ಬಿಟ್ಟು, ಅದರ ಮಗ್ಗುಲಿಗೆ ಬಗ್ಗಿ ನಡೆಯುತ್ತ, ಹಕ್ಕಿಗೂ ಚಿಗರಿಗೂ ಉರುಳು ಹಾಕುತ್ತಿದ್ದರು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇವರನ್ನು ಹರಣಶಿಕಾರಿಗಳು ಅನ್ನುತ್ತಾರೆ. ಅವರ ಎತ್ತು ಜೀವಂತ, ನಡೆದಾಡುವ ಮರೆ. ಹೊಟ್ಟೆಪಾಡಿಗೆ ಈ ವಿದ್ಯೆ ಕಲಿತವರು 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾನೂನಿನ ಪಟ್ಟಿ ಸೇರಿದರು. ಆ ಹಣೆಪಟ್ಟಿ ಕಾಗದದಲ್ಲಿ ಅಳಿಸಿದ್ದು 1952ರಲ್ಲಿ. ಪೊಲೀಸರ ಮನಸ್ಸಿನಿಂದ ಅಳಿಸಿದೆಯೋ ಇಲ್ಲವೋ ಅಂತ ಅವರನ್ನೇ ಕೇಳಬೇಕು. ಮರೆಯಲ್ಲಿ ಕೂರುವುದು ಒಬ್ಬನಿಗೆ ಕಲೆ, ಒಬ್ಬನಿಗೆ ಅಪರಾಧ.

ಮರೆಯ ಕಥೆ ಪೂರ್ತಿ ತಿಳಿಯಬೇಕಾದರೆ ಭರತಪುರಕ್ಕೆ ಹೋಗಬೇಕು. ರಾಜಸ್ಥಾನದ ಆ ಊರಿನ ಪಕ್ಕದ ಕೇವಲಾದೇವ ಘನ ಎಂಬ ಜೌಗು ಪ್ರದೇಶ, ಸುಮಾರು 29 ಚದರ ಕಿಲೋಮೀಟರು. ತಗ್ಗಿನ ನೆಲಕ್ಕೆ ಕಟ್ಟೆಯ ನೀರು ಹರಿಸಿ, ರಾಜರು ಅದನ್ನು ಬಾತುಬೇಟೆಯ ಜಾಗ ಮಾಡಿಕೊಂಡಿದ್ದರು. ವೈಸರಾಯರು ಬಂದರೆ ದೊಡ್ಡ ಬೇಟೆ. 1938ರ ನವೆಂಬರಿನಲ್ಲಿ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಉರುಳಿದ ಹಕ್ಕಿ 4,273. ಈ ಲೆಕ್ಕ ಯಾರೋ ಬಾಯಲ್ಲಿ ಹೇಳಿದ್ದಲ್ಲ, ಕಲ್ಲಿನಲ್ಲಿ ಕೊರೆದಿದೆ. ಯಾವ ವರ್ಷ, ಯಾವ ದೊರೆ, ಎಷ್ಟು ಕೋವಿ, ಎಷ್ಟು ಹಕ್ಕಿ ಅಂತ ಬರೆದ ಆ ಕಲ್ಲು ಕೇವಲಾದೇವನ ಗುಡಿಯ ಹತ್ತಿರ ನಿಂತಿದೆ. ನೀರಿಗಿಳಿದು ಸತ್ತ ಬಾತುಗಳನ್ನು ಹೆಕ್ಕಿ ತಂದವರು ಯಾರು ಅಂತ ಕಲ್ಲು ಹೇಳುವುದಿಲ್ಲ.

1956ರಲ್ಲಿ ಅದು ಪಕ್ಷಿಧಾಮವಾಯಿತು. ಆದರೂ ಮಾಜಿ ಮಹಾರಾಜರ ಬೇಟೆಯ ಹಕ್ಕು 1972ರವರೆಗೆ ಉಳಿದಿತ್ತು. 1981ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿ, 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿ. ಬಿರುದುಗಳು ಬರುತ್ತ ಹೋದವು. ರಾಷ್ಟ್ರೀಯ ಉದ್ಯಾನವಾದ ವರ್ಷವೇ ಸುತ್ತಲಿನ ಹಳ್ಳಿಗಳ ಎಮ್ಮೆ ದನ ಒಳಗೆ ಬರಬಾರದು ಎಂಬ ನಿಷೇಧವೂ ಬಂತು. ತಲೆತಲಾಂತರದಿಂದ ಮೇಯಿಸಿದ ಜಾಗ. ಬದಲಿಗೆ ಮೇವು ಎಲ್ಲಿ ಅಂತ ಹೇಳದೆ ಬಾಗಿಲು ಹಾಕಿದರು. ನವೆಂಬರಿನಲ್ಲಿ ಹಳ್ಳಿಯವರು ಎದ್ದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎಷ್ಟು ಜನ? ಏಳು ಅಂತ ಕೆಲವರು ಬರೆಯುತ್ತಾರೆ, ಅದಕ್ಕಿಂತ ಹೆಚ್ಚು ಅಂತ ಕೆಲವರು. 1938ರ ಬಾತುಗಳ ಲೆಕ್ಕ ಒಂದೊಂದೂ ತಪ್ಪದೆ ಕಲ್ಲಿನಲ್ಲಿದೆ. 1982ರ ಮನುಷ್ಯರ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬೇರೆ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಾಗಬೇಕಾದ್ದು. ಎಮ್ಮೆ ಹೋದ ಮೇಲೆ ಪ್ಯಾಸ್ಪಾಲಂ ಎಂಬ ನೀರಹುಲ್ಲು ತಡೆಯಿಲ್ಲದೆ ಬೆಳೆಯಿತು. ಎಮ್ಮೆ ಮೇಯ್ದು, ತುಳಿದು, ಕಲಕಿ ಬಿಟ್ಟಿದ್ದ ನೀರೆಲ್ಲ ಹುಲ್ಲಿನಿಂದ ಮುಚ್ಚಿತು. ಮೀನಿಗೂ ತೊಂದರೆ, ಈಜುವ ಬಾತಿಗೂ ಜಾಗವಿಲ್ಲ. ಇದನ್ನು ಹೇಳಿದವರು ಹಳ್ಳಿಯವರಲ್ಲ. ಹೇಳಿದ್ದರೆ ಯಾರು ಕೇಳುತ್ತಿದ್ದರು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹತ್ತು ವರ್ಷ ಅಲ್ಲೇ ಕೂತು ಅಧ್ಯಯನ ಮಾಡಿ 1991ರ ವರದಿಯಲ್ಲಿ ಬರೆದರು. ಸಲೀಂ ಅಲಿಯವರಂಥ ದೊಡ್ಡ ಪಕ್ಷಿತಜ್ಞರೂ ಅವರ ಸೊಸೈಟಿಯೂ ಮೊದಲು ಮೇಯಿಸುವುದು ನಿಲ್ಲಬೇಕು ಅಂತಲೇ ನಂಬಿದ್ದವರು. ತಮ್ಮ ನಂಬಿಕೆಗೆ ತಿರುಗಿಬಿದ್ದ ಸಾಕ್ಷ್ಯವನ್ನು ಮುಚ್ಚಿಡದೆ ಬರೆದದ್ದು ದೊಡ್ಡ ಮಾತು, ಅದನ್ನು ನಾವು ಒಪ್ಪಬೇಕು. ಆಮೇಲೆ ಹಳ್ಳಿಯವರು ಒಳಗೆ ಬಂದು ಹುಲ್ಲು ಕುಯ್ದುಕೊಳ್ಳಲು ಬಿಟ್ಟರು. ಎಮ್ಮೆ ಮಾಡುತ್ತಿದ್ದ ಕೆಲಸವನ್ನು ಕುಡುಗೋಲಿನಿಂದ ಮಾಡಿಸಿದರು. ಸತ್ತವರು ಸತ್ತೇಹೋಗಿದ್ದರು.

ಭರತಪುರದಲ್ಲಿ ಫೋಟೋದವರನ್ನು ಹೊತ್ತು ತಿರುಗುವ ಸೈಕಲ್ ರಿಕ್ಷಾದವರಿದ್ದಾರೆ. ಪ್ರವಾಸಿಗಳ ಜೊತೆ ಓಡಾಡಿಯೇ ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ಕಲಿತವರು. ಕಾಲೇಜಿನವರು ಪುಸ್ತಕ ತಿರುವಿಹಾಕುವಷ್ಟರಲ್ಲಿ ಅವರು ಹೆಸರು ಹೇಳಿರುತ್ತಾರೆ. 2002ರ ಚಳಿಗಾಲದ ಆಚೆಗೆ ಸೈಬೀರಿಯಾದ ಬಿಳಿ ಕೊಕ್ಕರೆ ಅಲ್ಲಿಗೆ ಬರಲಿಲ್ಲ. 2004ರ ಸುಮಾರಿಗೆ ಮೇಲಿನ ಪಾಂಚನಾ ಅಣೆಕಟ್ಟಿನ ನೀರು ಹೊಲಕ್ಕೋ ಹಕ್ಕಿಗೋ ಅಂತ ಜಗಳ ಬಂತು. ಅಲ್ಲಿಯೂ ರೈತರನ್ನು ಹಕ್ಕಿಗಳ ವೈರಿಗಳ ಹಾಗೆ ತೋರಿಸಿದವರಿದ್ದರು. ಬರಗಾಲದಲ್ಲಿ ಒಂದು ಹನಿ ನೀರಿಗೆ ಒಬ್ಬ ರೈತ, ಒಂದು ಬಾತು ಎದುರಾಬದುರಾ ನಿಲ್ಲುವ ಹಾಗೆ ಮಾಡಿದ ವ್ಯವಸ್ಥೆ ಮಾತ್ರ ಯಾವ ಫೋಟೋದಲ್ಲೂ ಕಾಣಲಿಲ್ಲ.

ಈಗ ಪ್ರಶ್ನೆಗೆ ಬರೋಣ. ನಮ್ಮ ಫೋಟೋ ಗೆಳೆಯರ ಜೊತೆ ನಾವು ಇದನ್ನು ಮಾತಾಡಿದ್ದೇವೆ. ಅವರು ಕೆಟ್ಟವರಲ್ಲ. ಅವರು ಹೇಳುವುದು ಹೀಗೆ: ‘ಮರೆ ಅನ್ನೋದು ಹಕ್ಕಿಗೆ ಕೊಡೋ ಮರ್ಯಾದೆ ಕಣ್ರೀ. ಬಯಲಲ್ಲಿ ನಿಂತು ಹತ್ತಿರ ಹೋದ್ರೆ ತಾಯಿ ಗೂಡು ಬಿಟ್ಟು ಹಾರುತ್ತೆ, ಬಿಸಿಲಿಗೆ ಮರಿ ಬೆಂದುಹೋಗುತ್ತೆ.’ ಇದು ನಿಜ. ಗೂಡಿಗೆ ಅಡ್ಡ ಬಂದ ಕೊಂಬೆ ಕಡಿದು ಫೋಟೋ ತೆಗೆಯುವವರಿದ್ದಾರೆ. ಅವರು ಹೋದ ಮೇಲೆ ಕಾಗೆಗೂ ಹದ್ದಿಗೂ ಆ ಗೂಡು ಎದ್ದು ಕಾಣುತ್ತದೆ. ಹಕ್ಕಿಯ ಕೂಗನ್ನೇ ಯಂತ್ರದಲ್ಲಿ ಹಾಕಿ ಅದನ್ನು ಹತ್ತಿರಕ್ಕೆ ಕರೆಸುವವರಿದ್ದಾರೆ; ವೈರಿ ಬಂದ ಅಂತ ಅದು ಕಾವು ಬಿಟ್ಟು ಓಡಿಬರುತ್ತದೆ. ಇವರ ಮುಂದೆ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತ ನಮ್ಮ ಗೆಳೆಯರು ಧರ್ಮಾತ್ಮರೇ ಸರಿ. ಕೆರೆಗಳಿಗೆ ಮಣ್ಣು ತುಂಬಿ ಸೈಟು ಮಾಡುವವರ ವಿರುದ್ಧ ಇಂಥವರ ಫೋಟೋಗಳು ಸಾಕ್ಷಿಯಾಗಿ ನಿಲ್ಲಬಲ್ಲವು ಅನ್ನುವುದನ್ನೂ ನಾವು ಒಪ್ಪುತ್ತೇವೆ.

ಹಕ್ಕಿಗೆ ಮಾನ ಅವಮಾನವಿಲ್ಲ. ತನ್ನನ್ನು ಯಾರೋ ನೋಡಿದರು ಅಂತ ಅದು ತಲೆ ತಗ್ಗಿಸುವುದಿಲ್ಲ. ಅದಕ್ಕೆ ಬೇಕಾದ್ದು ಕಾಟವಿಲ್ಲದ ಬದುಕು. ಆದ್ದರಿಂದ ಹಕ್ಕಿಯ ಮುಂದೆ ಮರೆಯಲ್ಲಿ ಕೂರುವುದು ತಪ್ಪಲ್ಲ ಅಂತಲೇ ನಮ್ಮ ಯೋಚನೆ ನಿಂತಿದೆ. ಆದರೆ ಮರೆ ಹಕ್ಕಿಯೊಬ್ಬರಿಗೇ ಮರೆಯಾಗುವುದಿಲ್ಲ. ಕೆರೆ ದಂಡೆಯಲ್ಲಿ ಮನುಷ್ಯರೂ ಇದ್ದಾರೆ. ಹಕ್ಕಿಗೆ ಕಾಣಬಾರದು ಅಂತ ಹೊದ್ದ ಬಟ್ಟೆ ಆ ತಾಯಿಗೂ ನಮ್ಮನ್ನು ಕಾಣಿಸಲಿಲ್ಲ. ಹಕ್ಕಿಗೆ ನಾವು ಕಾಣದಿದ್ದದ್ದು ಅದಕ್ಕೆ ಹೆದರಿಕೆಯಾಗದಿರಲಿ ಅಂತ. ಆಕೆಗೆ ಕಾಣದೆಯೇ ಕೂಗಿದ್ದರಿಂದ ಆಕೆಗೆ ಹೆದರಿಕೆಯಾಯಿತು. ಬಟ್ಟೆ ಒಂದೇ, ಕೂತವರೂ ಅವರೇ.

ಮುಖವಿಲ್ಲದ ಕೂಗು ನಮ್ಮ ಜನಕ್ಕೆ ಹೊಸದಲ್ಲ. ಪೇಶ್ವೆಗಳ ಕಾಲದಲ್ಲಿ ಎದುರಿಗೆ ಸವರ್ಣನೊಬ್ಬ ಬಂದರೆ ನೆರಳು ತಾಗೀತು ಅಂತ ಅಸ್ಪೃಶ್ಯನು ಬೀದಿಯಲ್ಲಿ ನಡೆಯುವಂತಿರಲಿಲ್ಲ. ಪುಣೆಯಲ್ಲಿ ಉಗುಳಲು ಕೊರಳಿಗೆ ಗಡಿಗೆ, ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ. ಅಂಬೇಡ್ಕರ್ ಅವರು 1936ರಲ್ಲಿ ಜಾತಿನಾಶದ ಬಗ್ಗೆ ಬರೆದಾಗ ಇದನ್ನು ನೆನಪಿಸಿದರು. ಅಂದರೆ ನಮ್ಮವರೂ ಮರೆಯಲ್ಲೇ ಇದ್ದರು. ಒಬ್ಬರು ನೋಡುವುದಕ್ಕೆ ಮರೆ ಕಟ್ಟಿಕೊಳ್ಳುತ್ತಾರೆ, ಇನ್ನೊಬ್ಬರನ್ನು ಕಾಣಬಾರದು ಅಂತ ಮರೆಗೆ ತಳ್ಳುತ್ತಾರೆ. ನಮ್ಮ ಹಿರಿಯರು ಕಂಡಿದ್ದು ಎರಡನೆಯದನ್ನು. ಬೆಂಗಳೂರಿನ ಗೆಳೆಯರು ‘ಫ್ರೇಮಿಗೆ ಬರಬೇಡ’ ಎಂಬ ಅರ್ಥದಲ್ಲಿ ಕೂಗಿದಾಗ, ಅವರಿಗೆ ಗೊತ್ತಿಲ್ಲದೆಯೇ, ಒಂದು ಮರೆಯೊಳಗಿಂದ ಇನ್ನೊಂದು ಮರೆಗೆ ಹೋಗು ಅಂದಿದ್ದರು.

ಕೆರೆಯ ಮಾತು ಬಂದರೆ ಮಹಾಡ್ ನೆನಪಾಗದಿರುವುದಿಲ್ಲ. ಆ ಚವದಾರ್ ಕೆರೆಯಲ್ಲಿ ದನ ಎಮ್ಮೆ ನೀರು ಕುಡಿಯಬಹುದಿತ್ತು, ಹಕ್ಕಿ ಕುಡಿಯಬಹುದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಅಲ್ಲಿ ಬೊಗಸೆ ನೀರು ಕುಡಿಯಬೇಕಾಯಿತು. ಕೆರೆಗೆ ಇಳಿಯುವ ಹಕ್ಕು ನಮಗೆ ನಿನ್ನೆ ಮೊನ್ನೆ ಸಿಕ್ಕಿದ್ದು, ಅದೂ ಎಲ್ಲ ಊರಲ್ಲಿ ಅಲ್ಲ. ಅಷ್ಟರಲ್ಲಿ ಹಕ್ಕಿಯ ಹೆಸರಲ್ಲಿ ಬೇಲಿ ಬರುತ್ತದೆ ಅಂದರೆ, ಬೇಲಿ ಹಾಕುವವರ ಮನಸ್ಸು ಎಷ್ಟೇ ಒಳ್ಳೆಯದಿರ್ಲಿ, ನಮಗೆ ಎದೆ ನಡುಗುತ್ತದೆ. ಅಸ್ಪೃಶ್ಯತೆಗೆ ಮಡಿಯ ಹೆಸರಿತ್ತು, ಇದಕ್ಕೆ ಪರಿಸರದ ಹೆಸರಿದೆ, ಎರಡೂ ಒಂದೇ ಅಂತ ನಮ್ಮ ಸಂಘದ ಒಬ್ಬ ಹುಡುಗ ಸಭೆಯಲ್ಲಿ ಗುಡುಗಿದ. ಅಷ್ಟು ಸುಲಭವಾಗಿ ಎರಡೂ ಒಂದೇ ಅನ್ನಲು ನಮಗೆ ಆಗುವುದಿಲ್ಲ. ಮಡಿಗೆ ಸತ್ಯವಿರಲಿಲ್ಲ. ಗೂಡುಕಟ್ಟುವ ಹಕ್ಕಿಗೆ ನೆಮ್ಮದಿ ಬೇಕು ಅನ್ನುವುದು ಸತ್ಯ. ಸತ್ಯವಾದ ಮಾತನ್ನು ಹಿಡಿದುಕೊಂಡೇ ಹಳೆಯ ಕೆಲಸ ಮಾಡಬಹುದು ಅನ್ನುವುದು ಇನ್ನೂ ಕಷ್ಟದ ವಿಷಯ.

ಹಾಗಂತ ನಮ್ಮ ಜನರೆಲ್ಲ ಹಕ್ಕಿಗಳ ಬಂಧುಗಳು ಅಂತ ಹಾಡುವುದೂ ಬೇಡ. ನಮ್ಮಲ್ಲೊಬ್ಬರ ತಾತ ಹಕ್ಕಿ ಹಿಡಿಯುತ್ತಿದ್ದರು, ನೀರುಕೋಳಿ ತಿಂದ ರುಚಿಯನ್ನು ಸಾಯುವವರೆಗೂ ಹೇಳುತ್ತಿದ್ದರು. ಹಕ್ಕಿಪಿಕ್ಕಿಗಳ ಹೆಸರಲ್ಲೇ ಕಸುಬಿದೆ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಆ ಕಸುಬು ಜೈಲಿನ ದಾರಿಯಾಯಿತು. ಹಕ್ಕಿ ಉಳಿಯಬೇಕಾದರೆ ಹಿಡಿಯುವುದು ನಿಲ್ಲಲೇಬೇಕಿತ್ತು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನೋಡಿ, ಭರತಪುರದ ಮಾಜಿ ಮಹಾರಾಜರ ಬೇಟೆ ಹಕ್ಕು ಕೊನೆಯಾದದ್ದೂ ಅದೇ 1972. ಬೇಟೆ ಬಿಟ್ಟ ದೊರೆ ಅಪರಾಧಿಯಾಗಲಿಲ್ಲ.

ಮರೆಯಿಲ್ಲದೆ ಹಕ್ಕಿ ನೋಡುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ನಡುವಿನ ಹುಣಸೆಮರ, ಅರಳಿಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಆ ಊರಿನವರು. ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಟ್ಟು ಗೊಬ್ಬರ ಮಾಡುತ್ತಾರೆ. ಹುಣಸೆಹಣ್ಣು ಕೀಳದೆ ಬಿಟ್ಟ ಮರಗಳಿಗೆ ಸರ್ಕಾರ ಪರಿಹಾರ ಕೊಡುತ್ತಿದೆ, 2007ರಲ್ಲಿ ಊರನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಫೋಟೋದವರು ಯಾವುದಾದರೂ ಮನೆಯ ಮಾಳಿಗೆ ಹತ್ತಿ ನಿಂತರೆ ಹಕ್ಕಿ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ಆದರೆ ಮಾಳಿಗೆ ಹತ್ತಬೇಕಾದರೆ ಮನೆಯವರನ್ನು ಕೇಳಬೇಕು. ಹೆಸರು ಹೇಳಬೇಕು, ಮುಖ ತೋರಿಸಬೇಕು. ಅಷ್ಟರಲ್ಲೇ ಅರ್ಧ ಕೆಲಸ ಆಗಿಹೋಗುತ್ತದೆ.

ಆ ಊರನ್ನೂ ಚಿತ್ರಪಟದ ಹಾಗೆ ಗೋಡೆಗೆ ನೇತುಹಾಕಬೇಕಾಗಿಲ್ಲ. ಮರ ಇದ್ದವನಿಗೆ ಪರಿಹಾರ, ಹೊಲ ಇದ್ದವನಿಗೆ ಗೊಬ್ಬರ. ಮರವೂ ಹೊಲವೂ ಇಲ್ಲದವನಿಗೆ ಹಕ್ಕಿ ಏನಾಗಬೇಕು? ಈ ಪ್ರಶ್ನೆ ಕೊಕ್ಕರೆಬೆಳ್ಳೂರಿಗೆ ಮಾತ್ರವಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ಕೂರುತ್ತವೆ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿತು. ಫೋಟೋಗಳೆಲ್ಲ ಹಗಲಿನವು. ಇರುಳು ಮೇವು ಕೊಟ್ಟ ಹೊಲದ ಒಡೆಯನ ಫೋಟೋ ನಾವಂತೂ ನೋಡಿಲ್ಲ.

ನಮ್ಮ ಕೆರೆಗೂ ಈಗ ಕಾಲ ಬಂದಿದೆ. ಎರಡು ಕಾಯಂ ಮರೆ ಕಟ್ಟಿಸಿ, ದಂಡೆಯ ಅರ್ಧ ಭಾಗಕ್ಕೆ ತಂತಿಬೇಲಿ ಹಾಕಿಸುವ ಯೋಜನೆ ಇದೆ ಅಂತ ಸಂಬಂಧಪಟ್ಟವರು ಹೇಳಿದ್ದಾರೆ. ಊರವರ ಸಭೆ ಕರೆಯುತ್ತಾರಂತೆ. ನಮ್ಮೊಳಗೇ ಒಮ್ಮತವಿಲ್ಲ. ಬೇಲಿ ಕಿತ್ತೊಗೆಯಬೇಕು ಅನ್ನುವವರು ಕೆಲವರು. ಮೊಟ್ಟೆಯಿಡುವ ಎರಡು ತಿಂಗಳು ಒಂದು ಮೂಲೆ ಬಿಟ್ಟುಕೊಡೋಣ, ಆ ಮೂಲೆ ಯಾವುದು ಅಂತ ಜೊಂಡು ಕುಯ್ಯುವವರೇ ಹೇಳಲಿ, ಮರೆಗೆ ಬರುವವರು ಕೊಡುವ ದುಡ್ಡಿನಲ್ಲಿ ಅವರಿಗೂ ಪಾಲಿರಲಿ ಅನ್ನುವವರು ಇನ್ನು ಕೆಲವರು. ಬೆಂಗಳೂರಿನ ಗೆಳೆಯರಿಗೆ ಕಾಗದ ಬರೆದೆವು. ಎರಡನೆಯದಕ್ಕೆ ತಾವೂ ಬಂದು ಮಾತಾಡುತ್ತೇನೆ, ಆದರೆ ಮೊದಲು ಆ ತಾಯಿಯ ಹತ್ತಿರ ಹೋಗಬೇಕು ಅಂತ ಬರೆದಿದ್ದಾರೆ. ಬರಲಿ.

ಸಭೆಗೆ ಮುಂಚೆ ಕೆರೆಗೆ ಯಾರು ಯಾರು ಯಾವ ಕೆಲಸಕ್ಕೆ ಇಳಿಯುತ್ತಾರೆ ಅಂತ ಬರೆದುಕೊಳ್ಳಲು ನಾವು ಮನೆ ಮನೆಗೆ ಹೋಗುತ್ತಿದ್ದೇವೆ. ಜೊಂಡು ಕುಯ್ಯುವವರು, ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು, ಗಾಳ ಹಾಕುವವರು. ಆ ತಾಯಿಯ ಮನೆಗೂ ಹೋದೆವು. ಜಗಲಿಯಲ್ಲಿ ಅರ್ಧ ಹೆಣೆದ ಚಾಪೆ ಇತ್ತು. ಅವತ್ತು ಮರೆಯೊಳಗೆ ನಾವೂ ಇದ್ದೆವು ಅಂತ ಹೇಳಿದೆವು. ಆಕೆ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು.

‘ಗೊತ್ತಿತ್ತು ಕಣ್ ಮೇಷ್ಟ್ರೆ. ಮನೆಗ್ ಬಂದ್ಮೇಲೆ ಗೊತ್ತಾಯ್ತು. ನಿಮ್ಮ ಸೈಕಲ್ಲು ಏರಿ ಮೇಲೇ ನಿಂತಿತ್ತಲ್ಲ’ ಅಂದರು. ಆಮೇಲೆ, ‘ಅದು ನನ್ ನೋಡಿ ಏಳಕ್ಕಿಲ್ಲ. ಮೊಟ್ಟೆ ಇಕ್ಕಿದ್ ದಿನದಿಂದ ನಾನ್ ಅಲ್ಲೇ ಕುಯ್ತಿದ್ದೆ. ಅದ್ರು ಸುತ್ತ ಒಂದ್ ಮಾರು ಬಿಟ್ಟೇ ಕುಯ್ತಿದ್ದೆ’ ಅಂದರು.

ಹೆಸರು ಬರೆದುಕೊಂಡೆವು. ಕೆಲಸ ಎಂಬಲ್ಲಿ ಜೊಂಡು ಅಂತ ಬರೆದೆವು. ಮರಿ ಆದವಾ ಅಂತ ಕೇಳಿದೆವು. ಎರಡು ಉಳಿದವು ಅಂದರು.